ಹಿಂದಿನ ಸೀಟಿನ ನಿಟ್ಟುಸಿರು

‘ಮಗುವೂ ಸಲೀಸಾಗಿ ತೆರೆಯಬಲ್ಲ ಬಾಗಿಲುಗಳು’ ಎಂದು ಹೊಸ ಕಾರಿನ ಜಾಹೀರಾತಿಗೆ ಬರೆದುಕೊಟ್ಟ ಮಹಾಶಯನೇ, ಸುತ್ತು ಮುಗಿಸಿ ನಿಂತ ಆ ಕಾರಿನ ಹಿಂದಿನ ಸೀಟಿನಲ್ಲಿ ಸಿಕ್ಕಿಬಿದ್ದಿದ್ದ. ಹಿಡಿ ಎಳೆದ, ಭುಜ ಕೊಟ್ಟು ನೂಕಿದ, ಕೊನೆಗೆ ಮಾನ ಮರ್ಯಾದೆ ಬಿಟ್ಟು ಗಾಜು ಬಡಿದ. ಹೊರಗೆ ಕಾರಿಗೆ ಬಣ್ಣ ಹೊಡೆಯುವ ಶೆಡ್ಡಿನವರು ಟೀ ಲೋಟ ಹಿಡಿದು, ಮೃಗಾಲಯಕ್ಕೆ ಬಂದವರಂತೆ ಸಾಲಾಗಿ ನಿಂತು ನೋಡುತ್ತಿದ್ದರು. ಅರ್ಧ ತಲೆ ನರೆತ ಗಂಡಸು ಮುಖ ಎಲ್ಲಿ ಇಟ್ಟುಕೊಳ್ಳಬೇಕು?

ಬಡಿಯುವುದನ್ನು ನಿಲ್ಲಿಸಿದಾಗಲೇ ಅವನಿಗೆ ಅದು ಕೇಳಿಸಿದ್ದು. ಪಕ್ಕದ ಖಾಲಿ ಜಾಗದಿಂದ ಒಂದು ನಿಟ್ಟುಸಿರು. ಉದ್ದಕ್ಕೆ ಹರಿದು, ಕೊನೆಯಲ್ಲಿ ಸಣ್ಣದೊಂದು ‘ಹೂಂ’ ಆಗಿ ಮುಗಿಯಿತು.

ಭಾವ ಹೊರಗಿನಿಂದ ಬಾಗಿಲು ತೆರೆದರು. “ಚೈಲ್ಡ್ ಲಾಕ್ ಹಾಕಿತ್ತು, ಒಳಗಿಂದ ತೆರೆಯಲ್ಲ. ಸರಿಯಾಗಿ ಕೆಲಸ ಮಾಡ್ತಿದೆ ಅಂತ ಗೊತ್ತಾಯ್ತು, ಬಿಡು.”

“ಭಾವ, ಒಳಗೆ ಏನೋ...”

“ನಿಂಗೂ ಕೇಳಿಸ್ತಾ? ಸದ್ಯ. ಅದಕ್ಕೇ ಕರೆಸಿದ್ದು.”

ಅಕ್ಕನ ಗಂಡನಾದ ಈ ಭಾವನನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು ‘ಕಿವಿ’ ಎಂದೇ. ಹೊಸ ಕಾರಿನಲ್ಲಿ ಎಲ್ಲಿ ಕಿರ್ರೆನ್ನುತ್ತದೆ, ಎಲ್ಲಿ ಗಡಗಡ ಎನ್ನುತ್ತದೆ ಎಂದು ಹುಡುಕಿ ಬಾಯಿ ಮುಚ್ಚಿಸುವುದು ಅವರ ಕೆಲಸ. ಅದಕ್ಕಾಗಿ ಡಿಕ್ಕಿಯೊಳಗೆ ಮುದುಡಿ ಮಲಗಿ ಇಡೀ ಪರೀಕ್ಷಾ ರಸ್ತೆ ಸುತ್ತಿದ್ದಾರೆ. ಮನೆಯ ಬಾಗಿಲು ಮಾತ್ರ ವರ್ಷಗಟ್ಟಲೆ ಕಿರುಗುಟ್ಟಿದರೂ ಒಂದು ತೊಟ್ಟು ಎಣ್ಣೆ ಬಿಟ್ಟವರಲ್ಲ. ಅಕ್ಕ ಕೇಳಿದರೆ, “ಅದಕ್ಕೆ ಸಂಬಳ ಕೊಡಲ್ಲ ಕಣೇ” ಎನ್ನುತ್ತಾರೆ.

ಇಡೀ ಕಾರನ್ನು ಇಲ್ಲಿಯೇ ಚಿತ್ರ ಬರೆದು, ಇಲ್ಲಿಯೇ ತಗಡು ತಟ್ಟಿ, ಇಲ್ಲಿಯೇ ಎಂಜಿನ್ ಎರಕ ಹೊಯ್ದು ಮಾಡಬೇಕೆಂಬುದು ಭಾವನ ಶೆಡ್ಡಿನವರ ಹಟ. ಒಂದು ಸಂಸಾರ ಕಾಲು ಚಾಚಿಕೊಂಡು ಕೂರುವಂಥ ಕಾರು. ಹೊರದೇಶದಿಂದ ಬಿಡಿಭಾಗ ತರಿಸಿ ಜೋಡಿಸಿದರೆ ಸಾಕು ಎನ್ನುವವರು ಮಾಲೀಕರ ಸುತ್ತ ಬೇಕಾದಷ್ಟಿದ್ದರು. ನಾಳೆ ಬೆಳಗ್ಗೆ ಮಾಲೀಕರೇ ಬಂದು ಈ ಕಾರಿನಲ್ಲಿ ಒಂದು ಸುತ್ತು ಹೋಗುವವರಿದ್ದರು. ಒಂದೇ ಒಂದು ಅಪಶಬ್ದ ಕೇಳಿದರೂ ಶೆಡ್ಡಿಗೆ ಬೀಗ, ಭಾವನ ಇಷ್ಟು ವರ್ಷದ ಬೆವರು ನೀರುಪಾಲು.

ಸಂಸಾರದ ಕಾರಿಗೆ ಸಂಸಾರದ ಭಾರ ಹೊರಿಸಿಯೇ ಓಡಿಸಿ ನೋಡಬೇಕು. ಅದಕ್ಕೆಂದು ಭಾವ ತಮ್ಮ ಮನೆಯವರನ್ನೆಲ್ಲ ಕರೆತಂದು ಸಾಮಾನಿನ ತಕ್ಕಡಿಯಲ್ಲಿ ತೂಗಿ, ಅಷ್ಟಷ್ಟೇ ಮರಳು ತುಂಬಿದ ಬಟ್ಟೆಗೊಂಬೆಗಳನ್ನು ಹೊಲಿಸಿದ್ದರು. ಮುಂದೆ ಅಕ್ಕ, ಹಿಂದೆ ಇಬ್ಬರು ಮಕ್ಕಳು, ಎಡಗಡೆ ಕಿಟಕಿಗೆ ಅತ್ತೆ, ಅಂದರೆ ನಮ್ಮ ಜಾಹೀರಾತಿನವನ ಅಮ್ಮ. “ಎಲ್ಲರ ಮುಂದೆ ಅಕ್ಕಿ ಮೂಟೆ ಥರ ತೂಗಿಬಿಟ್ರಲ್ಲಪ್ಪ,” ಎಂದು ಆಕೆ ಅವತ್ತು ತಕ್ಕಡಿಯ ಮೇಲೆಯೇ ಕೂತು ನಕ್ಕಿದ್ದಳು. ಸುತ್ತು ಮುಗಿದ ಮೇಲೆ ಓಡಿಸಿದವನು ಬಾಗಿಲು ತೆರೆದು, “ಬಂತು, ಇಳೀರಿ” ಎಂದು ಗೊಂಬೆಗಳಿಗೆ ಹೇಳಿಯೇ ಕೆಳಗಿಳಿಸಬೇಕು. ತಮಾಷೆಗೆ ಶುರುವಾದದ್ದು ಶೆಡ್ಡಿನ ಕಟ್ಟಳೆಯೇ ಆಗಿತ್ತು.

ಮಳೆಗಾಲದ ಒಂದು ಮಧ್ಯಾಹ್ನ ಭಾವ ರಸ್ತೆಯಲ್ಲಿದ್ದಾಗಲೇ ಅತ್ತೆ ಹೋದ ಸುದ್ದಿ ಬಂತು. ಕಾರನ್ನು ಅಲ್ಲೇ ಬಿಟ್ಟು ಮನೆಗೆ ಓಡಿದರು. ಉಗ್ರಾಣದವರು ಬಂದು, ಸತ್ತವರ ಗೊಂಬೆ ಯಾಕೆಂದು ಆ ಮರಳನ್ನು ಅಲ್ಲಿಯೇ ಸುರಿದು, ಬಟ್ಟೆ ಮಡಚಿ ಒಯ್ದರು.

“ಯಾರೂ ‘ಇಳೀರಿ’ ಅನ್ನಲಿಲ್ಲ,” ಎಂದರು ಭಾವ.

“ಸೀಟಿನ ಸ್ಪ್ರಿಂಗೇ ಇರಬಹುದಲ್ಲ?”

“ಸ್ಪ್ರಿಂಗ್ ಬದಲಾಯಿಸ್ದೆ. ಆಮೇಲೆ ಸೀಟನ್ನೇ ಬದಲಾಯಿಸ್ದೆ. ಹಳೇ ಸೀಟು ಪಕ್ಕದ ಕಾರಲ್ಲಿ ತೆಪ್ಪಗಿದೆ. ಈ ಕಾರು ನಿಂತಾಗಲೆಲ್ಲ ಉಸಿರು ಬಿಡುತ್ತೆ. ಬಗ್ಗಿ ನೋಡು.”

ಅವನು ಬಗ್ಗಿ ನೋಡಿದ. ಒಳಗೆ ನರಪಿಳ್ಳೆಯಿಲ್ಲ. ಆದರೂ ಕಾರಿನ ಹಿಂಭಾಗ ಎಡಕ್ಕೆ ಒಂದು ಬೆರಳಿನಷ್ಟು ತಗ್ಗಿತ್ತು. ಬಿಸಿಲಿಗೆ ನಿಂತ ಕಾರಿನ ಆ ಒಂದು ಗಾಜಿನ ಮೇಲೆ ಮಾತ್ರ, ಒಳಗಿನಿಂದ, ಬಾಯಿಯ ಎತ್ತರಕ್ಕೆ ಆವಿ ಕಟ್ಟಿತ್ತು. ನೋಡುತ್ತಿದ್ದಂತೆ ಅದು ಕರಗಿತು, ಮತ್ತೆ ಕಟ್ಟಿತು.

“ನೀವೇ ಒಂದು ಮಾತು ಹೇಳಬೇಕಿತ್ತು ಭಾವ.”

“ಹೇಳಿ ನೋಡ್ದೆ. ಅಳಿಯನ ಮಾತು ಯಾವತ್ತು ಕೇಳಿದ್ರು, ಇವತ್ತು ಕೇಳೋಕೆ? ಮಗ ಕರೆದ್ರೆ ಎದ್ದಾರು.”

ಅವನಿಗೆ ನಗು ಬಂತು. ಮತ್ತೆ ಗಾಜಿನತ್ತ ಬಗ್ಗಿದ. ಯಾವ ಬಸ್ಸಿನಿಂದ ಇಳಿದರೂ ಅಮ್ಮ ಬಿಡುತ್ತಿದ್ದ ಉಸಿರು ಅದು, ಅನುಮಾನವೇ ಇರಲಿಲ್ಲ. ಅವಳ ದನಿಯೆಂದು ಲೋಕದಲ್ಲಿ ಇನ್ನು ಉಳಿದಿರುವುದೇ ಅಷ್ಟು.

“ಇವತ್ತೇ ಹೇಳಬೇಕಾ?”

“ನಾಳೆ ಮಾಲೀಕರು ಅವರ ಮೇಲೇ ಕೂರ್ತಾರೆ,” ಎಂದರು ಭಾವ.

ಇನ್ನೊಂದು ಸುತ್ತು ಹೋಗೋಣ ಎಂದು ಅವನೇ ಕೇಳಿದ. ಖಾಲಿ ಜಾಗದ ಪಕ್ಕದಲ್ಲಿ, ಮೈ ತಾಗದಂತೆ ಸರಿದು ಕೂತ. ಕಾರು ಹಳ್ಳ ದಿಣ್ಣೆಗಳನ್ನೆಲ್ಲ ದಾಟಿ ಬಂದು ನಿಂತಿತು. ನಿಟ್ಟುಸಿರು ಬಂತು. ಕೊನೆಯ ‘ಹೂಂ’ವರೆಗೂ ಕೇಳಿಸಿಕೊಂಡು, ಭಾವ ಬಾಗಿಲು ತೆರೆದ ಮೇಲೆ ಇಳಿದು, ಸುತ್ತಿ ಬಂದು ಎಡಬಾಗಿಲು ತೆರೆದ.

“ಬಂತಮ್ಮ. ಇಳಿ.”

ಏನೂ ಆಗಲಿಲ್ಲ. ಟೀ ಕುಡಿಯುವವರ ಕಡೆ ಕಳ್ಳನೋಟ ಬೀರಿ, ಕೈ ಚಾಚಿದ. “ನಿಧಾನ. ತಲೆ ತಾಗೀತು, ಬಗ್ಗು.”

ಅಂಗೈ ಮೇಲೆ ತಣ್ಣಗೆ ಏನೋ ಊರಿ ಹೋಯಿತು. ಹಿಂದಿನ ಎಡಚಕ್ರ ಸಣ್ಣಗೆ ನರಳಿ, ಕಾರು ಆ ಬೆರಳಿನಷ್ಟು ಮೇಲೆದ್ದಿತು. ಬಣ್ಣದ ಶೆಡ್ಡಿನವರು ಲೋಟಗಳನ್ನು ಕೆಳಗಿಟ್ಟು, ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಹೋದರು. ಚಾಚಿದ ಕೈಯನ್ನು ಯಾವಾಗ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ತಿಳಿಯದೆ ಅವನು ಬಹಳ ಹೊತ್ತು ಹಾಗೆಯೇ ನಿಂತಿದ್ದ.

ಮರುದಿನ ಮಾಲೀಕರು ಹೆಂಡತಿಯೊಂದಿಗೆ ಬಂದರು. ಇಬ್ಬರದೂ ಭರ್ಜರಿ ಮೈ, ಹಿಂದಿನ ಸೀಟು ತುಂಬುವಂತೆ ಕೂತರು. ಅವರಾಡುವ ಮಾತನ್ನು ಬರೆದುಕೊಳ್ಳಲೆಂದು ಜಾಹೀರಾತಿನವನೂ ಹೊರಟ. ಮುಂದಿನ ಬಾಗಿಲಿಗೆ ಕೈ ಹಾಕುತ್ತಿದ್ದಂತೆ ಭಾವ, “ನೀನು ಹಿಂದೆ” ಎಂದರು.

“ಮುಂದೆ ಖಾಲಿ ಇದೆಯಲ್ರೀ,” ಎಂದರು ಮಾಲೀಕರು, ಅರ್ಧ ತೊಡೆ ಸರಿಸುತ್ತ.

“ಹಿಂದೆ ಮೂವರು ಹಿಡಿಸ್ತಾರಾ ಅಂತ ತಾವೇ ನೋಡ್ಬೇಕು ಸಾರ್.”

ಅವನು ಉಸಿರು ಬಿಗಿಹಿಡಿದು ಕೂತ. ಭಾವ ತಿರುವಿನಲ್ಲೆಲ್ಲ ಪಕ್ಕದ ಸೀಟಿನತ್ತ ಒಮ್ಮೆ ನೋಡಿ, ವೇಗ ತಗ್ಗಿಸುತ್ತಿದ್ದರು. ಕಲ್ಲು ಹಾಸಿನ ಮೇಲೂ ಸದ್ದಿಲ್ಲ, ಇಳಿಜಾರಿನಲ್ಲೂ ಸದ್ದಿಲ್ಲ. ಕಾರು ನಿಂತಿತು. ಮಾಲೀಕರು ಎಲ್ಲರಿಗೂ ಸುಮ್ಮನಿರಿ ಎಂದು ಕೈ ತೋರಿಸಿ ಕಿವಿಗೊಟ್ಟರು. ಹಿಂದಿನ ಸೀಟು ಉಸಿರೆತ್ತಲಿಲ್ಲ.

“ನಮ್ಮದೇ ಕಾರು ಮಾಡೋಣ. ಶುರು ಮಾಡ್ರಿ,” ಎಂದರು.

ಅವರ ಹಿಂದೆ ಎಲ್ಲರೂ ಹೋದ ಮೇಲೆ ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಭಾವ ಬಟ್ಟೆ ಹಿಡಿದು ಮುಂದಿನ ಎಡಗಾಜನ್ನು ಒಳಗಿನಿಂದ ಒರೆಸುತ್ತಿದ್ದರು. ಒರೆಸಿದಷ್ಟೂ ಮಸುಕಾಗುತ್ತಿತ್ತು.

“ಭಾವ,” ಎಂದ ಅವನು, “ನಿನ್ನೆ ಅಮ್ಮ ನಿಜವಾಗ್ಲೂ ಇಳಿದ್ಲಾ?”

“ಇಳಿದ್ರಲ್ಲ,” ಎಂದರು ಭಾವ, ಬಟ್ಟೆ ಹಿಂಡುತ್ತ. “ಹಿಂದೆ ಕೂತ್ರೆ ದಾರಿ ಕಾಣಲ್ಲ ಅಂತ ಮುಂದೆ ಬಂದ್ರು.”