ಅಳತೆ ಪುಸ್ತಕದಲ್ಲಿ ಅಪ್ಪನ ಸೊಂಟ

ನಮ್ಮ ಬೀದಿಯಲ್ಲಿ ಯಾರ ಹೊಟ್ಟೆ ಎಷ್ಟು ಮುಂದೆ ಬಂದಿದೆ ಎಂದು ಸರಿಯಾಗಿ ಗೊತ್ತಿದ್ದವಳು ಒಬ್ಬಳೇ, ನಮ್ಮಮ್ಮ. ಅವಳು ಟೈಲರ್. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡು ಅವಳ ಹೊಲಿಗೆ ಮಿಷಿನ್ನು, ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಅಳತೆ ಪುಸ್ತಕ. ಒಬ್ಬೊಬ್ಬರಿಗೂ ಒಂದೊಂದು ಪುಟ. ಪೋಸ್ಟ್‌ಮ್ಯಾನ್, ಮೇಷ್ಟ್ರು, ಮಾಂಸದ ಅಂಗಡಿಯವನು, ಅವನ ಹೆಂಡತಿ, ಎಲ್ಲರೂ ಅದರೊಳಗೆ ಇಂಚಿಂಚಾಗಿ ಕೂತಿದ್ದರು. ಅದನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ. "ಜನ ವಯಸ್ಸಾದ್ರೂ ಹೇಳ್ತಾರೆ, ಸೊಂಟ ಹೇಳಲ್ಲ" ಎನ್ನುತ್ತಿದ್ದಳು.

ಇನ್ನೊಂದು ಪದ್ಧತಿ ಅವಳದು. ಯಾರ ಪ್ಯಾಂಟು ಹೊಲಿದರೂ ಹಿಂಭಾಗದ ಹೊಲಿಗೆಯೊಳಗೆ ಎರಡು ಬೆರಳಷ್ಟು ಬಟ್ಟೆ ಬಿಡುತ್ತಿದ್ದಳು, ನಾಳೆ ಸೊಂಟ ಬೆಳೆದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡಲು. ಅಪ್ಪನ ಪ್ಯಾಂಟಿಗೆ ಮಾತ್ರ ನಾಲ್ಕು ಬೆರಳು. ಅವನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ನಂಬಿಕೆಗೆ ಕಾರಣವಿತ್ತು. ಅಪ್ಪ ಸಿಟಿ ಬಸ್ಸಿನ ಡ್ರೈವರ್. ದಿನಕ್ಕೆ ಎಂಟು ಗಂಟೆ ಕೂತು ಕೆಲಸ, ಮಿಕ್ಕ ಹೊತ್ತು ಕೂತು ಊಟ. ಬೆಳಿಗ್ಗೆ ನಿನ್ನೆಯ ಮಾಂಸ, ಸಂಜೆ ಇವತ್ತಿನ ಮಾಂಸ, ನಡುವೆ ಡಬ್ಬಿಯಲ್ಲಿ ಮೊನ್ನೆಯದು. ತಟ್ಟೆಯ ಅಂಚಿಗೆ ಸೊಪ್ಪು ಕಂಡರೆ ಬೆರಳಿನಿಂದ ಆಚೆ ತಳ್ಳಿ, "ಸೊಪ್ಪನ್ನ ಮೇಕೆ ತಿನ್ನುತ್ತೆ, ಮೇಕೆನ ನಾನು ತಿಂತೀನಿ. ಎರಡೂ ಒಂದೇ ಅಲ್ವಾ?" ಎನ್ನುತ್ತಿದ್ದ. ಅವನ ತಾಯಿ, ಎಂದರೆ ನಮ್ಮಜ್ಜಿ, ಬಾಯಲ್ಲಿ ಉಳಿದ ಆರು ಹಲ್ಲು ತೋರಿಸಿ ಮಗನ ಮಾತಿಗೆ ತಲೆಯಾಡಿಸುತ್ತಿದ್ದಳು. ನಾನೂ ಏನು ಕಡಿಮೆಯಿರಲಿಲ್ಲ. ಹನ್ನೆರಡು ವರ್ಷದ ನನಗೆ ಕ್ಯಾರೆಟ್ ಎಂದರೆ ಬಣ್ಣ ಹಚ್ಚುವ ಪುಸ್ತಕದಲ್ಲಿ ಬರುವ ಚಿತ್ರ, ಅಷ್ಟೇ.

ಆ ವರ್ಷದ ತಪಾಸಣೆಯಲ್ಲಿ ಡಿಪೋದ ಡಾಕ್ಟರಮ್ಮ ಅಪ್ಪನ ಕಾಗದವನ್ನು ಎರಡು ಸಲ ಓದಿದರಂತೆ. ರಕ್ತದಲ್ಲಿ ಕೊಬ್ಬು ಜಾಸ್ತಿ, ಬಿಪಿ ಜಾಸ್ತಿ. ಮೂರು ತಿಂಗಳು ಟೈಮ್. ಅಷ್ಟರಲ್ಲಿ ಇಳಿಯದಿದ್ದರೆ ಬಸ್ಸಿಲ್ಲ. ಡಿಪೋದ ಹಿಂದಿನ ಕೋಣೆಯಲ್ಲಿ ಕೂತು, ಪ್ರಯಾಣಿಕರು ಮರೆತುಹೋದ ಕೊಡೆ, ಚೀಲಗಳಿಗೆ ಚೀಟಿ ಅಂಟಿಸುವ ಕೆಲಸ.

ಅಪ್ಪ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಮಂಚದ ತುದಿಯಲ್ಲಿ ಕೂತ. "ಇಪ್ಪತ್ತೆರಡು ವರ್ಷ ಆಯ್ತು ಕಣೇ, ಕನ್ನಡಿಯಲ್ಲಿ ಜನರ ಮುಖ ನೋಡ್ತಾ. ಆ ಕೋಣೆಗೆ ಒಂದು ಕಿಟಕಿನೂ ಇಲ್ಲ" ಎಂದ. ನನಗೆ ಅಳು ಬಂತು. ಬಸ್ಸಿಲ್ಲದ ಅಪ್ಪನನ್ನು ನಾನು ಕಂಡೇ ಇರಲಿಲ್ಲ.

ಅಮ್ಮ ಅಳುವವಳಲ್ಲ, ಕತ್ತರಿ ಎತ್ತಿಕೊಳ್ಳುವವಳು. ಮರುದಿನವೇ ಮೆನು ಪೂರ್ತಿ ಕತ್ತರಿಸಿದಳು. ಸಂಜೆ ತಟ್ಟೆಗೆ ಬಂದದ್ದು ಬೇಯಿಸಿದ ಕುಂಬಳಕಾಯಿ, ಬೇಳೆ, ಸೊಪ್ಪು. ಅಜ್ಜಿ ಸೌಟಿನಿಂದ ಪಾತ್ರೆಯ ತಳದವರೆಗೂ ತಡಕಾಡಿ, "ಇದರಲ್ಲಿ ಪ್ರಾಣಿ ಎಲ್ಲಮ್ಮ?" ಎಂದಳು.

"ಇಲ್ಲ ಅತ್ತೆ."

"ಓಡಿಹೋಯ್ತಾ?"

ನಾನು ಹೊಟ್ಟೆನೋವು ಎಂದು ಎದ್ದೆ. ಅಪ್ಪ ಮಾತ್ರ ಬಾಯಿ ಮುಚ್ಚಿಕೊಂಡು ಎಲ್ಲ ತಿಂದು ಮುಗಿಸಿದ, ನಾಲ್ಕು ದಿನವೂ. ಅಮ್ಮನಿಗೆ ಅನುಮಾನ ಬಂದದ್ದು ಅಲ್ಲೇ. ಐದನೆಯ ದಿನ ಅವನ ಖಾಕಿ ಅಂಗಿಯ ಜೇಬಿನ ಮೇಲಿನ ಕಲೆಯನ್ನು ಬೆಳಕಿಗೆ ಹಿಡಿದು, "ಬಸ್ಸಿಗೆ ಎಣ್ಣೆ ಹಾಕಿದ್ರೇನ್ರೀ?" ಎಂದು ಕೇಳಿದಳು.

"ಹೂಂ, ಹಾಕಿದೆ."

"ಈಗೀಗ ಮಸಾಲೆ ಎಣ್ಣೆ ಹಾಕ್ತಾರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಪ್ಪ ಆಗ ಹಾಕಿಕೊಂಡಿದ್ದ ಬೇರೆ ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಡಿಪೋದ ಹಿಂದಿನ ಹೋಟೆಲಿನಲ್ಲಿ ದಿನಾ ಮಧ್ಯಾಹ್ನ ಹುರಿದ ಕೋಳಿ ತಿನ್ನುತ್ತಿದ್ದನಂತೆ. ಚಿಂತೆ ಹತ್ತಿದರೆ ಬೇರೆಯವರಿಗೆ ಊಟ ಸೇರುವುದಿಲ್ಲ, ಅಪ್ಪನಿಗೆ ಎರಡರಷ್ಟು ಸೇರುತ್ತದೆ. "ಹೇಗೂ ಇಳಿಯಲ್ಲ ಬಿಡೇ. ಕೊಡೆ ಕಾಯೋನಿಗೆ ಸೊಂಟ ಎಷ್ಟಿದ್ದರೇನು?" ಎಂದ. ಅಮ್ಮ ಜಗಳವಾಡಲಿಲ್ಲ. ಜಗಳವಾಡಿದ್ದರೇ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು, ಏಕೆಂದರೆ ಅವಳು ಸುಮ್ಮನಾದಳೆಂದರೆ ಒಳಗೆ ಏನೋ ಹೊಲಿಯುತ್ತಿದ್ದಾಳೆ ಎಂದೇ ಅರ್ಥ.

ಆ ವಾರದಿಂದ ಮಾಂಸ ಮತ್ತೆ ಬಂತು. ಆದರೆ ಪಾತ್ರೆಯಲ್ಲಿ ಒಂದು ಹಿಡಿ ಕಡಿಮೆ, ಆ ಜಾಗದಲ್ಲಿ ಸಣ್ಣಗೆ ಹೆಚ್ಚಿದ ಅಣಬೆ. ಮುಂದಿನ ವಾರ ಇನ್ನೊಂದು ಹಿಡಿ ಕಡಿಮೆ, ಕಾಳು ಜಾಸ್ತಿ. ಮಸಾಲೆಯ ಘಮ ಮಾತ್ರ ಅದೇ. ಅಜ್ಜಿ ಒಂದು ಅಣಬೆಯನ್ನು ಬಹಳ ಹೊತ್ತು ಅಗಿದು, "ಇದು ಯಾವ ಭಾಗ? ಮೆತ್ತಗಿದೆ, ಇದನ್ನೇ ತರ್ಸು" ಎಂದಳು. ಅಮ್ಮ ನನ್ನ ಕಡೆ ನೋಡಿದಳು. ನಾನು ತಟ್ಟೆಯ ಕಡೆ ನೋಡಿದೆ.

ಆದರೆ ನಿಜವಾದ ಕೆಲಸ ಅಡುಗೆಮನೆಯಲ್ಲಿ ನಡೆಯುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅಪ್ಪ ಗೊರಕೆ ಹೊಡೆಯುತ್ತಿದ್ದಾಗ, ಅಮ್ಮ ಅವನ ಎರಡೂ ಖಾಕಿ ಪ್ಯಾಂಟುಗಳ ಹಿಂಭಾಗದ ಹೊಲಿಗೆ ಬಿಚ್ಚುತ್ತಿರುವುದನ್ನು ಕಂಡೆ. ಕಾಲು ಇಂಚು ಹೊರಗೆ ಬಿಟ್ಟು ಮತ್ತೆ ಹೊಲಿದು, ಹಳೆಯ ದಾರದ ಎಳೆಗಳನ್ನು ಆಯ್ದು, ಇಸ್ತ್ರಿ ಹೊಡೆದು ಮೊಳೆಗೆ ಹಾಕಿದಳು.

"ಏನಮ್ಮ ಇದು?"

"ಬಾಯಿಗೆ ಬೀಗ ಹಾಕ್ಕೋ. ನಾಳೆ ನೋಡು."

ಸೋಮವಾರ ಬೆಳಿಗ್ಗೆ ಅಪ್ಪ ಗುಂಡಿ ಹಾಕಿಕೊಂಡು ಒಂದು ಕ್ಷಣ ನಿಂತ. ಬೆಲ್ಟ್ ಕಟ್ಟುವುದನ್ನು ಅವನು ಬಿಟ್ಟು ವರ್ಷಗಳಾಗಿದ್ದವು, ಆ ಕೆಲಸವನ್ನು ಹೊಟ್ಟೆಯೇ ನೋಡಿಕೊಳ್ಳುತ್ತಿತ್ತು. ಸೊಂಟಪಟ್ಟಿಯೊಳಗೆ ಹೆಬ್ಬೆರಳು ತೂರಿಸಿ ನೋಡಿದ. ತೂರಿತು. ಕನ್ನಡಿಯ ಮುಂದೆ ಅಡ್ಡ ತಿರುಗಿ ನೋಡಿಕೊಂಡ. "ಲೇ, ಬಾ ಇಲ್ಲಿ. ಇಳಿದಿದೀನಿ."

"ಹೌದಾ? ನನಗೇನೂ ಕಾಣಲ್ಲಪ್ಪ" ಎಂದಳು ಅಮ್ಮ, ಸೂಜಿಗೆ ದಾರ ಪೋಣಿಸುತ್ತ. ಅಂಥ ಕಳ್ಳಿ ಅವಳು.

ಅಂದು ಮಧ್ಯಾಹ್ನ ಅಪ್ಪ ಹೋಟೆಲಿಗೆ ಹೋಗಲಿಲ್ಲವಂತೆ. ಇಳಿದವನಿಗೆ ಇನ್ನೂ ಇಳಿಯುವ ಆಸೆ. ಮುಂದಿನ ಸೋಮವಾರ ಎರಡು ಬೆರಳು ತೂರಿತು. ಅದರ ಮುಂದಿನ ವಾರದಿಂದ ಡಿಪೋದಿಂದ ಮನೆಗೆ ನಡೆದೇ ಬರತೊಡಗಿದ. ತಾನೇ ಸೊಪ್ಪಿನ ಕಟ್ಟು ಹಿಡಿದು ಬಂದ. ಮಾಂಸದ ಅಂಗಡಿಯವನ ಎದುರೇ ನಿಂತು, "ವಾರಕ್ಕೊಂದು ಸಲ ಸಾಕಯ್ಯ, ಅತಿಯಾದರೆ ಅಮೃತವೂ ವಿಷ" ಎಂದು ಭಾಷಣ ಬಿಗಿದ. ಆ ಮನುಷ್ಯ ಅಮ್ಮನ ಹತ್ತಿರ ಬಂದು ದೂರು ಹೇಳಿದ. ಹೊಸ ಮತ ಸೇರಿದವರ ಕಾಟ ಎಂದರೆ ಏನೆಂದು ಆಗ ನಮಗೆ ಅರ್ಥವಾಯಿತು. ನಾನು ಒಂದು ತುಂಡು ಜಾಸ್ತಿ ಹಾಕಿಸಿಕೊಂಡರೆ ಸಾಕು, ಅಪ್ಪ ತನ್ನ ಸೊಂಟಪಟ್ಟಿ ಎಳೆದು ತೋರಿಸುತ್ತಿದ್ದ.

ಏಳನೆಯ ಭಾನುವಾರ ಅಮ್ಮ ಪ್ಯಾಂಟು ತಿರುವಿ ನೋಡಿ ಹಾಗೇ ಕೂತಳು. ಒಳಗೆ ಬಿಟ್ಟಿದ್ದ ಬಟ್ಟೆ ಮುಗಿದಿತ್ತು. "ಇನ್ನು ಬಿಡೋಕೆ ಏನೂ ಉಳಿದಿಲ್ಲ ಕಣೇ. ನಾಳೆ ಸಡಿಲ ಆಗದಿದ್ರೆ ಸಾಯಂಕಾಲಕ್ಕೇ ಕೋಳಿ ಹಿಡ್ಕೊಂಡು ಬರ್ತಾರೆ. ಅಲ್ಲಿಗೆ ಬಸ್ಸೂ ಹೋಯ್ತು." ಅವಳ ಮುಖದಲ್ಲಿ ಹೆದರಿಕೆ ಕಂಡದ್ದು ನಾನು ಅದೇ ಮೊದಲು.

ಸೋಮವಾರ ನಾವಿಬ್ಬರೂ ಬಾಗಿಲ ಬಳಿ ಉಸಿರು ಹಿಡಿದು ನಿಂತೆವು. ಅಪ್ಪ ಗುಂಡಿ ಹಾಕಿಕೊಂಡ. ಸೊಂಟಪಟ್ಟಿಯೊಳಗೆ ಬೆರಳಲ್ಲ, ಇಡೀ ಮುಷ್ಟಿ ಇಳಿಯಿತು. ಅಮ್ಮ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತಳು. ಹೊಸ ಅಂಗಿಯ ನೆಪ ಹೇಳಿ ಆ ಸಂಜೆ ಟೇಪು ಹಿಡಿದಾಗ ಅಪ್ಪನ ಸೊಂಟ ನಿಜವಾಗಿಯೂ ಒಂದೂವರೆ ಇಂಚು ಇಳಿದಿತ್ತು. ಸುಳ್ಳಿನ ಹಿಂದೆಯೇ ನಡೆದು ನಿಜ ಮನೆ ಸೇರಿತ್ತು.

ಈಗ ಬೇರೆ ಕಷ್ಟ. ಸುಳ್ಳಿನ ಸಡಿಲಕ್ಕೆ ನಿಜದ ಸಡಿಲವೂ ಸೇರಿ, ಪ್ಯಾಂಟು ನಿಲ್ಲುವುದೇ ಕಷ್ಟವಾಯಿತು. ಹಿಡಿದು ಹೊಲಿಯೋಣವೆಂದರೆ, ಬಿಗಿಯಾಯಿತು ಎಂದು ಅಪ್ಪ ಎದೆಯೊಡೆದುಕೊಂಡಾನು ಎಂದು ಅಮ್ಮನಿಗೆ ಭಯ. ಕೊನೆಗೆ ಹಿಂದುಗಡೆ ಒಂದು ದೊಡ್ಡ ಪಿನ್ನು ಚುಚ್ಚಿಕೊಟ್ಟಳು. ಅಪ್ಪ ಆ ಪಿನ್ನನ್ನು ಪದಕದಂತೆ ಹಾಕಿಕೊಂಡು ಓಡಾಡಿದ.

ಮೂರು ತಿಂಗಳು ಮುಗಿದ ದಿನ ಮತ್ತೆ ತಪಾಸಣೆ. ಅಲ್ಲಿ ನಡೆದದ್ದನ್ನು ಆಮೇಲೆ ಅಪ್ಪನೇ ಹೇಳಿದ್ದು. ತೂಕದ ಯಂತ್ರ ಹತ್ತುವ ಮೊದಲು, ಪಿನ್ನಿನ ತೂಕವೂ ತನ್ನ ತಲೆಗೆ ಯಾಕೆ ಎಂದು ಅದನ್ನು ತೆಗೆದನಂತೆ. ತೆಗೆದು ಜೇಬಿಗೇ ಹಾಕಿಕೊಂಡನಂತೆ, ಬುದ್ಧಿವಂತ. ಡಾಕ್ಟರಮ್ಮ, "ಎರಡೂ ಕೈ ಮೇಲೆತ್ತಿ, ಉಸಿರು ಎಳ್ಕೊಳಿ" ಎಂದರು. ಎತ್ತಿದ, ಎಳೆದುಕೊಂಡ. ಪ್ಯಾಂಟು ಸೀದಾ ಪಾದದ ಮೇಲೆ. ಡಾಕ್ಟರಮ್ಮ ಗೋಡೆಯ ಕಡೆ ತಿರುಗಿಕೊಂಡು, "ಕಾಗದ ನೋಡೋದೇ ಬೇಡ ಬಿಡಿ" ಎಂದರಂತೆ. ಆದರೂ ನೋಡಿದರು. ಬಿಪಿ ಇಳಿದಿತ್ತು, ಕೊಬ್ಬು ಇಳಿದಿತ್ತು. ಬಸ್ಸು ಅಪ್ಪನದೇ ಆಗಿ ಉಳಿಯಿತು. ಹೊರಡುವಾಗ ಒಂದು ಮಾತು ಕೇಳಿದರಂತೆ: "ಇಷ್ಟು ಹುಷಾರಾಗಿ ಅಡುಗೆ ಮಾಡಿ ಹಾಕಿದ ನಿಮ್ಮ ಮನೆಯವರು ತಮ್ಮ ರಕ್ತ ಎಂದಾದ್ರೂ ಪರೀಕ್ಷೆ ಮಾಡಿಸಿದಾರಾ?"

ಅಪ್ಪ ಮನೆಗೆ ಬಂದಾಗ ಕುಣಿಯುತ್ತಾನೆ ಎಂದುಕೊಂಡಿದ್ದೆವು. ಅವನು ಬಟ್ಟೆ ಬದಲಿಸಿಕೊಂಡು ಬಂದು, ಆ ಪ್ಯಾಂಟನ್ನು ಒಳಹೊರಗೆ ತಿರುವಿ ಮಿಷಿನ್ನಿನ ಮೇಲೆ ಹರಡಿದ. ಸೂಜಿ ಹೋದ ಹಳೆಯ ತೂತುಗಳು ಸಾಲು ಸಾಲಾಗಿ ಕಾಣುತ್ತಿದ್ದವು. ನೆಲದಿಂದ ಮೇಲೆತ್ತಿಕೊಳ್ಳುವಾಗ ನೋಡಿದ್ದನಂತೆ.

"ಪಾಸಾದೆ. ಇದೇನು ಹೇಳು. ಆರು ಸಾಲಿದೆ."

ಅಮ್ಮ ಮುಚ್ಚಿಡಲಿಲ್ಲ. "ಮೊದಲ ಆರು ವಾರ ನಾನು ಬಿಚ್ಚಿದ್ದು. ಆಮೇಲಿಂದು ನಿಮ್ಮದೇ. ದಾರ ಮುಟ್ಟಿಲ್ಲ, ಮಗಳಾಣೆ."

"ನನಗೂ ಗೊತ್ತಿತ್ತು" ಎಂದಳು ಅಜ್ಜಿ ಮೂಲೆಯಿಂದ. ಅವಳಿಗೆ ಏನೂ ಗೊತ್ತಿರಲಿಲ್ಲ. ಅಣಬೆಯದು ಕೊನೆಯವರೆಗೂ ಗೊತ್ತಾಗಲಿಲ್ಲ.

ಅಪ್ಪ ಮೊಳೆಯಿಂದ ಅಳತೆ ಪುಸ್ತಕ ತೆಗೆದು ತನ್ನ ಪುಟ ನೋಡಿದ. ನಲವತ್ತೆರಡು, ನಲವತ್ತೂವರೆ... ಮೂವತ್ತೊಂಬತ್ತು. ಆಮೇಲೆ ಹಾಳೆ ತಿರುವುತ್ತ ಹೋದ. ಅಜ್ಜಿ, ನಾನು, ಮೇಷ್ಟ್ರು, ಪೋಸ್ಟ್‌ಮ್ಯಾನ್. ಕೊನೆಯ ಹಾಳೆಯವರೆಗೂ ಹೋಗಿ ಮತ್ತೆ ಮೊದಲಿನಿಂದ ತಿರುವಿದ.

"ನಿನ್ನ ಪುಟ ಎಲ್ಲೇ?"

"ನನಗ್ಯಾಕ್ರೀ ಪುಟ? ಹೊಲಿಯೋಳು ನಾನೇ. ಅಂದಾಜಲ್ಲೇ ಆಗುತ್ತೆ."

"ಬೀದಿಗೆಲ್ಲ ಪುಟ, ನಿನಗೆ ಅಂದಾಜಾ?" ಅಪ್ಪ ಅಮ್ಮನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪನ್ನು ತೆಗೆದುಕೊಂಡು, "ನಿಂತ್ಕೋ" ಎಂದ. ಸ್ಟೀರಿಂಗ್ ಹಿಡಿದ ಕೈಗೆ ಟೇಪು ಹಿಡಿಯಲು ಬರಲಿಲ್ಲ. ಎರಡು ಸಲ ಜಾರಿ ಬಿತ್ತು. ಮೂರನೆಯ ಸಲ ಸೊಂಟ ಸುತ್ತಿಸಿ ಓದಿದವನು ಬೆಚ್ಚಿಬಿದ್ದ. "ತೊಂಬತ್ತೊಂದಾ? ನಾನೇ ನಲವತ್ತೆರಡು ಇದ್ದೆನಲ್ಲೇ?"

ಅಮ್ಮ ನಕ್ಕಳು. ಮಿಷಿನ್ನು ಹಿಡಿದುಕೊಂಡು ನಕ್ಕಳು. "ಟೇಪು ತಿರುವಿ ಹಿಡ್ದಿದೀರ. ಅದು ಸೆಂಟಿಮೀಟರು." ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿತು. "ಮದುವೆಯಾದ ಮೇಲೆ ನನ್ನ ಅಳತೆ ಯಾರೂ ಕೇಳಿರಲಿಲ್ಲ ರೀ" ಎಂದಳು. ಅಪ್ಪ ತಲೆ ತಗ್ಗಿಸಿಕೊಂಡು ಪೆನ್ಸಿಲು ಹುಡುಕಿದ.

ಮರುದಿನ ಅಮ್ಮ ಮಿಷಿನ್ನು ಮುಚ್ಚಿ, ಅಪ್ಪನ ಬಸ್ಸಿನಲ್ಲೇ ಡಾಕ್ಟರ ಹತ್ತಿರ ರಕ್ತ ಕೊಡಲು ಹೋದಳು. ಅಪ್ಪನ ಕನ್ನಡಿಯಲ್ಲಿ ಸರಿಯಾಗಿ ಕಾಣುವ ಸೀಟೇ ಬೇಕೆಂದು ಕಂಡಕ್ಟರ್ ಹಟ ಹಿಡಿದು ಕೂರಿಸಿದನಂತೆ.

ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ಎಲ್ಲ ಪುಟಗಳೂ ಅಮ್ಮನ ದುಂಡು ಅಕ್ಷರದಲ್ಲಿ, ಇಂಚಿನಲ್ಲಿ. ಕೊನೆಯದು ಮಾತ್ರ ಅಪ್ಪನ ವಕ್ರ ಅಕ್ಷರದಲ್ಲಿದೆ: "ನಮ್ಮ ಮನೆಯವಳು, ಸೊಂಟ ೯೧." ಒಂದು ನೂಲು ತಪ್ಪಿದರೂ ಬಿಚ್ಚಿ ಹೊಲಿಯುತ್ತಿದ್ದ ಅಮ್ಮ ಅದನ್ನು ತಿದ್ದಲೇ ಇಲ್ಲ.