ತೋಮಚ್ಚನ ಗಡ್ಡ ನೆನೆದ ಬೆಳಿಗ್ಗೆ

ನೀವು ಯಾವತ್ತಾದರೂ ಇನ್ನೊಬ್ಬರ ಗಡ್ಡ ಬೋಳಿಸಿದ್ದೀರಾ? ಕಳೆದ ವಾರ ನಾನು ಆ ಸಾಹಸಕ್ಕೆ ಇಳಿದೆ. ಅದೂ ಮಡಚುವ ಕ್ಷೌರದ ಕತ್ತಿಯಲ್ಲಿ. ಅದೂ ಮದುಮಗಳ ಅಪ್ಪನದ್ದು!

ಕಡಬದ ತೋಮಚ್ಚ ನನ್ನ ಹೈಸ್ಕೂಲ್ ಗೆಳೆಯ. ರಬ್ಬರ್ ಕೃಷಿಕ, ಮನೆಮಾತು ಮಲಯಾಳ. ಮಗಳು ಲಿಸ್ಸಿಯ ಮದುವೆ ಹತ್ತಿರ ಬಂದಾಗಲೇ, ರಬ್ಬರ್ ಶೀಟ್ ಒಣಗಿಸುವ ಹೊಗೆಗೂಡಿನಲ್ಲಿ ಎರಡೂ ಕೈ ಸುಟ್ಟುಕೊಂಡ. ಬೆರಳ ತುದಿಯವರೆಗೆ ಬ್ಯಾಂಡೇಜ್. ಮುಖದ ತುಂಬ ಬಿಳಿ ಗಡ್ಡ.

ಸೆಲೂನಿಗೆ ಹೋಗಬಾರದೇ? (ನಾನೂ ಕೇಳಿದೆ.) ಮೀಸೆ ಚಿಗುರಿದಂದಿನಿಂದ ಅವನ ಮುಖಕ್ಕೆ ಇನ್ನೊಬ್ಬರು ಕತ್ತಿ ಹಿಡಿದದ್ದಿಲ್ಲವಂತೆ.

ಮದುವೆಯ ಬೆಳಿಗ್ಗೆ ನಾನು ಪುತ್ತೂರಿನಿಂದ ಹೋಗಿ ಇಳಿದಾಗ ಮನೆಯಲ್ಲಿ ರಂಪ.

"ಈ ಮುಖ ಹಿಡ್ಕೊಂಡು ನಾನು ಚರ್ಚಿಗೆ ಬರುದಿಲ್ಲ. ಲಿಸ್ಸಿಯನ್ನು ನನ್ನ ತಮ್ಮ ಕರ್ಕೊಂಡು ಹೋಗ್ಲಿ" ಎಂದು ತೋಮಚ್ಚ ಜಗಲಿಯಲ್ಲಿ ಕೂತಿದ್ದ. ನನ್ನನ್ನು ಕಂಡದ್ದೇ ದನಿ ಇಳಿಯಿತು. "ನೀನಾದ್ರೆ ಅಡ್ಡಿಯಿಲ್ಲ ಮಾರಾಯ. ಕತ್ತಿ ಅಲ್ಲಿ ಉಂಟು."

ಟೈಮ್ ಎಲ್ಲಿದೆ? ತಣ್ಣೀರು ಚಿಮುಕಿಸಿದೆ, ಸೋಪು ಬಳಿದೆ, ಎಳೆದೆ. ಕರ ಕರ! ತೋಮಚ್ಚ ಹಲ್ಲು ಕಚ್ಚಿದ. ಇನ್ನೊಮ್ಮೆ ಎಳೆದೆ. ಕತ್ತಿ ಅರ್ಧಕ್ಕೇ ನಿಂತಿತು, ಕೆನ್ನೆಯಲ್ಲಿ ರಕ್ತ ಜಿನುಗಿತು.

"ನಿನ್ನ ಕತ್ತಿ ಮೊಂಡು" ಎಂದೆ.

ಗದ್ದಲ ಕೇಳಿ ಲಿಸ್ಸಿ ಹೊರಗೆ ಬಂದಳು. ತಲೆ ಅರ್ಧ ಬಾಚಿಯಾಗಿತ್ತು, ಕ್ಲಿಪ್ಪುಗಳು ನೇತಾಡುತ್ತಿದ್ದವು.

"ಕತ್ತಿ ಮೊಂಡಲ್ಲ ಅಂಕಲ್, ಗಡ್ಡ ನೆನಿಲೇ ಇಲ್ಲ. ಒಣ ಗಡ್ಡ ಅಂದ್ರೆ ತಂತಿ ಇದ್ದ ಹಾಗೆ. ಅದಕ್ಕೆ ಹಾಕಿದ್ರೆ ಇದ್ದ ಹರಿತವೂ ಹೋಗ್ತದೆ. ಸಣ್ಣದಿರುವಾಗ ನಾನು ದಿನಾ ನೋಡ್ತಿದ್ದೆ, ಅಪ್ಪಚ್ಚ ಶೇವ್ ಮಾಡುದು." (ಅಪ್ಪನನ್ನು ಅವಳು ಕರೆಯುವುದು ಹಾಗೆ.)

ಬಿಸಿನೀರಲ್ಲಿ ಟವೆಲ್ ಅದ್ದಿ ಹಿಂಡಿ ಅಪ್ಪನ ಮುಖಕ್ಕೆ ಸುತ್ತಿದಳು. ಅಂಗೈಗಳಿಂದ ಮೆಲ್ಲಗೆ ಒತ್ತಿ ಹಿಡಿದಳು.

"ನೀನು ಹೋಗು ಮೋಳೆ, ಬ್ಯೂಟಿಷಿಯನ್ ಕಾಯ್ತಾಳೆ" ಎಂದು ಮಗಳಿಗೆ ಹೇಳಿತು ಟವೆಲ್ಲಿನ ಒಳಗಿನ ದನಿ.

"ಕಾಯ್ಲಿ."

ಗಡ್ಡ ನೆನೆಯುವಷ್ಟು ಹೊತ್ತು, ನಾನು ಕೆಡಿಸಿದ ಅಲಗನ್ನು ಚರ್ಮದ ಪಟ್ಟಿಗೆ ಹಿಂದೆ ಮುಂದೆ ತೀಡಿದಳು. ಆಮೇಲೆ ಬ್ರಷ್ಷಿನಲ್ಲಿ ಸುತ್ತ ಸುತ್ತ ನೊರೆ. ಆ ನೊರೆಯ ಮೇಲೆ ಎರಡು ಗೆರೆ ಇಳಿದವು.

"ಎಂತ ಅಪ್ಪಚ್ಚಾ, ಸೋಪು ಕಣ್ಣಿಗೆ ಹೋಯ್ತಾ?"

"ಹೂಂ... ಸೋಪೇ."

ಈಗ ಲಿಸ್ಸಿಯ ಕೈಯಲ್ಲಿ ಕತ್ತಿ ಸದ್ದಿಲ್ಲದೆ ಜಾರಿತು. ಅದೇ ಕತ್ತಿ. ಅದೇ ಗಡ್ಡ. ಬಿಳಿ ನೊರೆಯ ಅಡಿಯಿಂದ ನನ್ನ ಹಳೆಯ ತೋಮಚ್ಚ ಸ್ವಲ್ಪ ಸ್ವಲ್ಪವೇ ಹೊರಬಂದ.

ಚರ್ಚಿಗೆ ತಡವಾಯಿತು. ಪಾದ್ರಿಗಳು ಗಡಿಯಾರ ನೋಡಿದ್ದೂ ಹೌದು. ಆದರೆ ಬ್ಯಾಂಡೇಜಿನ ಕೈಯನ್ನು ಎದೆಗಾನಿಸಿ, ನುಣುಪು ಕೆನ್ನೆಯ ಅಪ್ಪ ಮಗಳ ಪಕ್ಕದಲ್ಲೇ ನಡೆದ.

ನಮ್ಮದೇ ಮನೆಯವರ ಕೆನ್ನೆಗೆ ಅಂಗೈ ಒತ್ತಿ, ಅವಸರವಿಲ್ಲದೆ ನಿಂತು, ನಮಗೆಲ್ಲ ಎಷ್ಟು ಕಾಲವಾಯಿತು?