ಮೇಲಿನವಳ ಕೈಸನ್ನೆ

ಲೋಕದ ಜನ ದೇವರನ್ನು ‘ಮೇಲಿನವನು’ ಎನ್ನುತ್ತಾರೆ. ನಮ್ಮ ಶೆಡ್ಡಿನಲ್ಲಿ ಮಾತ್ರ ಇದ್ದದ್ದು ಮೇಲಿನವಳು. ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು, ತಗಡಿನ ಮಾಡಿನ ಕೆಳಗೆ ಆ ತುದಿಯಿಂದ ಈ ತುದಿಗೆ ಓಡಾಡುತ್ತ, ಉಕ್ಕಿನ ಪೈಪುಗಳ ಕಟ್ಟನ್ನು ಎತ್ತಿ ಲಾರಿಗೆ ಇಳಿಸುವವಳು. ಹೆಸರಿಟ್ಟವರು ಲೋಡರುಗಳು. ಕೆಲಸಕ್ಕೆ ಮೊದಲು ಒಬ್ಬ ‘ಮೇಲಿನವಳಿದ್ದಾಳೆ, ನೋಡ್ಕೊಳ್ತಾಳೆ’ ಎನ್ನುತ್ತಿದ್ದ, ಉಳಿದವರು ಕೈಮುಗಿದು ನಗುತ್ತಿದ್ದರು. ನಗುವವರು ನಗಲಿ, ಅವಳು ಇಳಿಸಿದ ಕಟ್ಟು ನೆಲ ಮುಟ್ಟಿದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ತೊಟ್ಟಿಲಲ್ಲಿ ಮಗು ಮಲಗಿಸಿದ ಹಾಗೆ ಇಳಿಸುತ್ತಿದ್ದಳು.

ನಾನು ಕೆಳಗಿನವಳು. ಕಟ್ಟಿಗೆ ಸರಪಳಿ ಸುತ್ತಿ, ಕೊಕ್ಕೆ ಸಿಕ್ಕಿಸಿ, ಅವಳಿಗೆ ಕೈಸನ್ನೆ ಮಾಡುವುದು ನನ್ನ ಕೆಲಸ. ಯಂತ್ರಗಳ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ಬೆರಳು ಮೇಲೆ ಮಾಡಿ ಸುತ್ತಿದರೆ ಎತ್ತು, ಕೆಳಗೆ ಮಾಡಿ ಸುತ್ತಿದರೆ ಇಳಿಸು, ಎರಡೂ ತೋಳು ಚಾಚಿದರೆ ನಿಲ್ಲಿಸು. ನಿಲ್ಲಿಸು ಎಂಬ ಸನ್ನೆಯನ್ನು ಮೇಸ್ತ್ರಿ ಮಾಡಲಿ, ಕಸ ಗುಡಿಸುವವಳು ಮಾಡಲಿ, ಮೇಲಿನವಳು ನಿಲ್ಲಿಸಲೇಬೇಕು. ಇಷ್ಟು ವರ್ಷದಲ್ಲಿ ಮೇಲಿನಿಂದ ಕೆಳಕ್ಕೆ ಸನ್ನೆ ಮಾಡಿದವರನ್ನು ನಾನು ಕಂಡಿರಲಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಬೆಳಿಗ್ಗೆ ಏಣಿ ಹತ್ತಿದವರು ಊಟದ ಸೈರನ್ ಆಗುವವರೆಗೆ ಇಳಿಯಬಾರದು. ಹಾಗೆಂದು ಎಲ್ಲಿಯೂ ಬರೆದಿಲ್ಲ. ಕ್ರೇನ್ ನಿಂತರೆ ಇಡೀ ಶೆಡ್ಡು ನಿಲ್ಲುತ್ತದೆ, ನಿಂತರೆ ಮೇಸ್ತ್ರಿಯ ಸೀಟಿ ಕಿವಿ ಹರಿಯುತ್ತದೆ, ಅಷ್ಟೆ. ಹೀಗಾಗಿ ಮೇಲೆ ಕೂರುವ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ. ತಿಂಗಳ ದಿನಗಳಿಗೂ ಅವರದೇ ಒಂದು ಉಪಾಯ ಇತ್ತು: ಮಕ್ಕಳಾಗದಿರಲು ನುಂಗುವ ಮಾತ್ರೆ. ಒಂದು ಪಟ್ಟಿ ಮುಗಿದ ಮರುದಿನವೇ ಇನ್ನೊಂದು, ನಡುವೆ ಬಿಡುವೇ ಇಲ್ಲ, ಮುಟ್ಟೇ ಬರುವುದಿಲ್ಲ. ನಮ್ಮ ಮೇಲಿನವಳಿಗೆ ಕ್ರೇನ್ ಕಲಿಸಿದ ಹಿರಿಯಳು ಲಿವರ್ ಹಿಡಿಯುವುದನ್ನು ಹೇಳಿಕೊಟ್ಟ ವಾರದಲ್ಲೇ ಇದನ್ನೂ ಹೇಳಿಕೊಟ್ಟಿದ್ದಳು. ತನ್ನ ಎರಡನೆಯ ಮಗು ಕೂಸಾಗಿದ್ದಾಗ ಶುರು ಮಾಡಿದ ಇವಳು ಅದು ಹೈಸ್ಕೂಲು ಸೇರುವವರೆಗೂ ನುಂಗಿದಳು. ಔಷಧಿ ಅಂಗಡಿಯವನು ಡಾಕ್ಟರ ಚೀಟಿ ಕೇಳಲಿಲ್ಲ, ಇವಳು ಒಬ್ಬ ಡಾಕ್ಟರಿಗೂ ತೋರಿಸಲಿಲ್ಲ.

ಆಮೇಲೆ ತಲೆನೋವು ಶುರುವಾಯಿತು. ಮೊದಲು ಕಣ್ಣ ಮುಂದೆ ಗರಗಸದ ಹಲ್ಲಿನಂಥ ಬೆಳಕು ಕುಣಿಯುವುದು, ಆಮೇಲೆ ಅರ್ಧ ತಲೆ ಸಿಡಿಯುವುದು. ‘ಬಿಸಿಲಿಗೆ’ ಎಂದಳು, ‘ಕನ್ನಡಕ ಬೇಕೇನೋ’ ಎಂದಳು. ನಾನು ಬಿಡಲಿಲ್ಲ. ನನ್ನ ತಲೆಯ ಮೇಲೆ ಪೈಪು ತೂಗುವವಳ ಕಣ್ಣು ಕುಣಿದರೆ ನನ್ನ ಗತಿಯೇನು? ರಟ್ಟೆ ಹಿಡಿದು ಲೇಡಿ ಡಾಕ್ಟರ ಹತ್ತಿರ ಕರೆದೊಯ್ದೆ.

ಡಾಕ್ಟರು ಮಾತ್ರೆಯ ಕಥೆಯೆಲ್ಲ ಕೇಳಿ ಬಿಪಿ ನೋಡಿದರು, ಇನ್ನೊಮ್ಮೆ ನೋಡಿದರು. ‘ಆ ಮಾತ್ರೆ ಇವತ್ತೇ ನಿಲ್ಲಿಸಿ. ಇಂಥ ತಲೆನೋವು, ಮೇಲೆ ಬಿಪಿ ಬೇರೆ. ಲಕ್ವ ಹೊಡೀಬಹುದು.’

‘ಬಿಡುವು ಕೊಡದೆ ತಗೊಂಡಿದ್ದಕ್ಕಾ ಡಾಕ್ಟ್ರೇ?’ ಎಂದು ಕೇಳಿದಳು.

‘ಬಿಡುವು ಕೊಡದೇ ಇದ್ದಿದ್ದು ತಪ್ಪಲ್ಲಮ್ಮ. ಯಾರಿಗೂ ತೋರಿಸದೆ ತಗೊಂಡಿದ್ದು ತಪ್ಪು. ಮಾತ್ರೆ ಶುರು ಮಾಡೋ ಮುಂಚೆ ಮುಟ್ಟು ಹೇಗಿತ್ತು?’

‘ಜಾಸ್ತಿನೇ ಹೋಗ್ತಿತ್ತು.’

‘ಹಾಗಾದ್ರೆ ಮತ್ತೆ ಹಾಗೇ ಆಗ್ಬಹುದು. ಮಾತ್ರೆ ಅದನ್ನ ವಾಸಿ ಮಾಡಿಲ್ಲ, ತಡೆದಿತ್ತು ಅಷ್ಟೇ. ಜಾಸ್ತಿ ಅನಿಸಿದ್ರೆ ಕಾಯಬೇಡಿ, ಬನ್ನಿ.’ ರಕ್ತ ಆಗಲೇ ಸ್ವಲ್ಪ ಕಡಿಮೆಯಿದೆಯೆಂದು ಕಬ್ಬಿಣದ ಮಾತ್ರೆ ಬರೆದರು. ಸೊಪ್ಪು, ಕಾಳು, ಮೊಟ್ಟೆ ತಿನ್ನಬೇಕು, ನೀರು ಕುಡಿಯಬೇಕು, ಕಣ್ತುಂಬ ನಿದ್ದೆ ಮಾಡಬೇಕು ಎಂದರು. ಇನ್ನು ಮಕ್ಕಳಾಗದ ಹಾಗೆ ನೋಡಿಕೊಳ್ಳುವ ಜವಾಬ್ದಾರಿ ಸದ್ಯಕ್ಕೆ ಗಂಡನದು ಎಂದೂ ಹೇಳಿ ಕಳಿಸಿದರು.

‘ಅಂತೂ ನಿನ್ನ ಗಂಡನಿಗೂ ಒಂದು ಡ್ಯೂಟಿ ಬಿತ್ತು ಬಿಡು’ ಎಂದೆ ಬೀದಿಯಲ್ಲಿ. ಅವಳು ಕೈಯಲ್ಲಿದ್ದ ಕೊಡೆ ಬಿದ್ದುಹೋಗುವಷ್ಟು ನಕ್ಕಳು. ಆಮೇಲೆ ಬಹಳ ಕಾಲ ಅವಳ ನಗು ನಾನು ಕೇಳಲಿಲ್ಲ.

ಮೊದಲು ಮುಖದ ತುಂಬ ಮೊಡವೆ ಎದ್ದವು. ‘ಮಗಳಿಗೆ ಬರೋ ವಯಸ್ಸಲ್ಲಿ ನನಗೆ ಬಂತಲ್ಲಕ್ಕಾ’ ಎಂದು ಸೆರಗು ಮುಚ್ಚಿಕೊಂಡಳು. ಬಾಚಣಿಗೆಗೆ ಕೂದಲು ಮುದ್ದೆಮುದ್ದೆಯಾಗಿ ಬರತೊಡಗಿತು. ಇವಳ ಅತ್ತೆ ಕೆಟ್ಟವಳಲ್ಲ, ಆದರೆ ಕೈಕಟ್ಟಿ ಕೂರುವ ಜೀವವಲ್ಲ. ಪಕ್ಕದ ಮನೆಯವಳ ಮಾತು ಕೇಳಿ, ಇಷ್ಟು ವರ್ಷದ ಮಾತ್ರೆಯ ವಿಷವನ್ನು ಮೈಯಿಂದ ತೊಳೆಯುತ್ತದೆಂದು ಒಂದು ಪುಡಿ ತಂದಳು. ವಿಷ ಹೋಯಿತೋ ಬಿಟ್ಟಿತೋ, ವಾರವಿಡೀ ಭೇದಿಯಾಗಿ ಇದ್ದ ಶಕ್ತಿಯೂ ಹೋಯಿತು. ಪುಡಿಯ ಡಬ್ಬಿಯನ್ನು ನಾನೇ ಹೋಗಿ ಮೋರಿಗೆ ಸುರಿದು ಬಂದೆ. ಅತ್ತೆ ಎರಡು ದಿನ ನನ್ನ ಮೇಲೆ ಮುಖ ಊದಿಸಿಕೊಂಡಿದ್ದಳು.

ಅಷ್ಟರಲ್ಲಿ ಮುಟ್ಟು ಮರಳಿತು. ಮರಳಿದ್ದಲ್ಲ, ಮುರಿದುಕೊಂಡು ಬಿತ್ತು. ಬಟ್ಟೆ ಮೇಲೆ ಬಟ್ಟೆ ಇಟ್ಟು, ಕಪ್ಪು ಪ್ಯಾಂಟು ತೊಟ್ಟು ಏಣಿ ಹತ್ತುತ್ತಿದ್ದಳು. ಕಬ್ಬಿಣದ ಏಣಿಯ ಮೇಲೆ ಅವಳ ಬೂಟಿನ ಸದ್ದು ನನಗೆ ಚೆನ್ನಾಗಿ ಗೊತ್ತು. ಹಿಂದೆಲ್ಲ ಒಂದೇ ಉಸಿರಿನಲ್ಲಿ ಹತ್ತುತ್ತಿದ್ದಳು. ಈಗ ನಡುವೆ ಸದ್ದು ನಿಲ್ಲುತ್ತಿತ್ತು. ತಲೆಯೆತ್ತಿ ನೋಡಿದರೆ ಕಂಬಿಗೆ ಹಣೆ ಒತ್ತಿ ನಿಂತಿರುತ್ತಿದ್ದಳು. ಉಗುರು, ತುಟಿ ಎಲ್ಲ ಸುಣ್ಣದ ಬಣ್ಣ.

‘ಇವತ್ತು ಹತ್ತಬೇಡ ಕಣೇ. ಮೇಸ್ತ್ರಿಗೆ ನಾನು ಹೇಳ್ತೀನಿ’ ಎಂದೆ ಒಂದು ಬೆಳಿಗ್ಗೆ.

‘ಹೇಳಿದ್ಯೋ, ನಿನಗೂ ನನಗೂ ಮುಗೀತು. ಇಲ್ಲಿ ಇಳಿದವಳನ್ನ ಮತ್ತೆ ಹತ್ತಿಸಿದ್ದು ನೋಡಿದ್ದೀಯಾ ಅಕ್ಕಾ?’

ನೋಡಿರಲಿಲ್ಲ. ಅವಳಿಗೆ ಕಲಿಸಿದ ಹಿರಿಯಳು ಮಂಡಿನೋವೆಂದು ಸ್ವಲ್ಪ ದಿನ ಕೆಳಗೆ ಕೆಲಸ ಕೇಳಿದ್ದಳು. ಬೋಲ್ಟು ನಟ್ಟು ಬೇರೆ ಮಾಡುವ ಮೂಲೆಯಲ್ಲಿ ಕೂರಿಸಿದರು. ಕೆಲಸ ಬಿಡುವವರೆಗೂ ಆ ಮೂಲೆಯಿಂದ ಎಬ್ಬಿಸಲಿಲ್ಲ. ಇವಳಿಗೋ ಆ ಸೀಟೇ ಪ್ರಾಣ. ಮನೆಯಲ್ಲಿ ಸೊಸೆ, ಬೀದಿಯಲ್ಲಿ ಯಾರದೋ ಹೆಂಡತಿ. ಅಲ್ಲಿ ಮೇಲೆ ಕೂತಾಗ ಮಾತ್ರ ಅವಳು ಅವಳೇ. ನನಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಅವಳ ಮಾನ ಒಂದು ಕಡೆ, ಕೊಕ್ಕೆಯ ಕೆಳಗೆ ನಿಂತ ನಮ್ಮೆಲ್ಲರ ತಲೆ ಇನ್ನೊಂದು ಕಡೆ.

‘ಡಾಕ್ಟರ ಹತ್ತಿರನಾದ್ರೂ ಹೋಗು.’

‘ಈ ಲಾರಿಗಳು ಮುಗೀಲಿ. ಕಬ್ಬಿಣದ ಮಾತ್ರೆ ತಪ್ಪದೆ ನುಂಗ್ತಾ ಇದೀನಲ್ಲ’ ಎಂದು ಟೀ ಫ್ಲಾಸ್ಕನ್ನು ಹೆಗಲಿಗೆ ಹಾಕಿಕೊಂಡು ಹತ್ತಿಹೋದಳು. ತಲೆ ತಿರುಗಿದಾಗಲೆಲ್ಲ ಅವಳಿಗೆ ಆ ಕಡು ಟೀಯ ಗುಟುಕೇ ಆಸರೆ.

ಆ ದಿನ ಶೆಡ್ಡಿನೊಳಗೆ ಕಾದ ಬಾಣಲೆಯ ಸೆಕೆ. ಊಟಕ್ಕೆ ಇನ್ನೂ ಹೊತ್ತಿತ್ತು. ದಪ್ಪ ಪೈಪುಗಳ ಕಟ್ಟು, ಸರಪಳಿ ಬಿಗಿದು ಬೆರಳು ಸುತ್ತಿದೆ. ಎತ್ತಿದಳು. ನಮ್ಮ ತಲೆಗಿಂತ ಮೇಲೆ ಹೋಯಿತು, ಲಾರಿಯ ಕಡೆ ಹೊರಟಿತು. ಲಾರಿಯ ಮೇಲೆ ಇಬ್ಬರು ಲೋಡರುಗಳು ಕೈ ಚಾಚಿ ನಿಂತಿದ್ದರು. ದಾರಿಯ ನಡುವೆ ಕಟ್ಟು ನಿಂತುಬಿಟ್ಟಿತು. ನಾನು ನಿಲ್ಲಿಸು ಎಂದಿರಲಿಲ್ಲ.

ತಲೆಯೆತ್ತಿದೆ. ಕ್ಯಾಬಿನ್ನಿನ ಗಾಜಿಗೆ ಅವಳ ಹಣೆ ಆತುಕೊಂಡಿತ್ತು.

ಕಟ್ಟು ಮೆಲ್ಲಗೆ ತೂಗತೊಡಗಿತು. ಕೂಗಿದರೆ ಕೇಳದು. ಲಾರಿಯವರತ್ತ ತೋಳು ಬೀಸಿದೆ; ನನ್ನ ಮುಖ ನೋಡಿಯೇ ಇಬ್ಬರೂ ಆಚೆ ಹಾರಿದರು. ಮೇಸ್ತ್ರಿ ‘ಏನಾಯ್ತು, ಏನಾಯ್ತು’ ಎಂದು ಓಡಿಬಂದ. ಅವನ ಕೈಯಿಂದ ಸೀಟಿ ಕಿತ್ತುಕೊಂಡು, ಶ್ವಾಸ ಇರುವಷ್ಟೂ ಊದಿದೆ. ಗಾಜಿನ ಹಿಂದೆ ತಲೆ ಎದ್ದಿತು. ಅವಳ ಕಣ್ಣು ನನ್ನನ್ನು ಹುಡುಕಿ ಸಿಕ್ಕಿದ ಗಳಿಗೆ ನನಗೆ ಈಗಲೂ ನೆನಪಿದೆ. ನೀನು ಹೇಳು, ನಾನು ಮಾಡ್ತೀನಿ ಎನ್ನುವ ಹಾಗಿತ್ತು. ಬೆರಳು ಕೆಳಗೆ ಮಾಡಿದೆ, ಸುತ್ತಿದೆ, ತಡೆದೆ, ಮತ್ತೆ ಸುತ್ತಿದೆ. ಕಟ್ಟು ಇಳಿಯಿತು, ಇಳಿಯಿತು, ನೆಲ ಮುಟ್ಟಿತು. ಆ ಸ್ಥಿತಿಯಲ್ಲೂ ಸದ್ದಾಗಲಿಲ್ಲ ನೋಡಿ.

ಇನ್ನು ಉಳಿದದ್ದು ಒಂದೇ ಸನ್ನೆ. ಎರಡೂ ಕೈ ಎದೆಯ ಮೇಲೆ ಅಡ್ಡಹಾಕಿದರೆ ‘ಯಂತ್ರ ಆರಿಸು, ಇಳಿದು ಬಾ’ ಎಂದರ್ಥ. ಪಾಳಿ ಮುಗಿದಾಗ ಮೇಸ್ತ್ರಿ ಮಾಡುವ ಸನ್ನೆ ಅದು. ನಾನು ಏನು ಮಾಡಲಿದ್ದೇನೆಂದು ಅವಳಿಗೆ ಗೊತ್ತಾಯಿತು. ಬೇಡ, ಬೇಡ ಎಂದು ತಲೆ ಆಡಿಸಿದಳು. ನಾನು ಕೈ ಅಡ್ಡಹಾಕಿ ನಿಂತೆ. ಅವಳು ಯಂತ್ರ ಆರಿಸುವವರೆಗೂ ತೆಗೆಯಲಿಲ್ಲ.

ಅವಳನ್ನು ಹಗ್ಗ ಕಟ್ಟಿ ಇಳಿಸಿಕೊಂಡೆವು. ಸೀಟಿನ ಮೇಲೆ ರಕ್ತ ಇತ್ತು. ಹತ್ತಿಹೋಗಿದ್ದ ಲೋಡರು ಅದನ್ನು ನೋಡಿ ತನ್ನ ಹೆಗಲ ವಸ್ತ್ರ ಹಾಸಿ ಬಂದಿದ್ದ. ಮೇಸ್ತ್ರಿ ಮಾತ್ರ ‘ಇನ್ಮೇಲೆ ಅವಳು ಕೆಳಗೇ ಇರ್ಲಿ’ ಎಂದ. ಅವಳು ನನ್ನತ್ತ ತಿರುಗಿ, ‘ನನ್ನ ಸೀಟು ಕಿತ್ಕೊಂಡ್ಯಲ್ಲ ಅಕ್ಕಾ’ ಎಂದಳು. ಆಮೇಲೆ ನನ್ನೊಂದಿಗೆ ಮಾತು ಬಿಟ್ಟಳು.

ಮಾತು ಬಿಟ್ಟರೇನು, ಆಸ್ಪತ್ರೆಗೆ ನಾನೇ ಹೋದೆ. ರಕ್ತ ಏರಿಸಿದರು, ಸ್ಕ್ಯಾನ್ ಮಾಡಿದರು. ಗರ್ಭಕೋಶದಲ್ಲಿ ಗಡ್ಡೆಗಿಡ್ಡೆ ಇರಲಿಲ್ಲ. ಡಾಕ್ಟರು ಹಾಸಿಗೆಯ ಪಕ್ಕ ಕೂತು ಕೇಳಿದರು: ‘ಕಬ್ಬಿಣದ ಮಾತ್ರೆ ತಗೊಂಡ್ರೂ ರಕ್ತ ಯಾಕೆ ಇಷ್ಟು ಇಳೀತು? ಯಾವುದರ ಜೊತೆ ನುಂಗ್ತಿದ್ರಿ?’

‘ಟೀ ಜೊತೆ. ಮೇಲೆ ಬೇರೇನು ಇರುತ್ತೆ?’

ಡಾಕ್ಟರು ಕನ್ನಡಕ ತೆಗೆದರು. ‘ಟೀ ಕುಡಿದ್ರೆ ಕಬ್ಬಿಣ ಮೈಗೆ ಹತ್ತೋದು ಕಷ್ಟಮ್ಮ. ನೀರಲ್ಲಿ ನುಂಗಿ, ನಿಂಬೆಹಣ್ಣಿನ ರಸ ಇದ್ರೆ ಇನ್ನೂ ಒಳ್ಳೇದು. ಟೀ ಬೇಕಂದ್ರೆ ಒಂದೆರಡು ಗಂಟೆ ಆದ್ಮೇಲೆ.’

ಇಷ್ಟು ದಿನ ನುಂಗಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು. ದಿನವಿಡೀ ಕಬ್ಬಿಣ ಎತ್ತುವವಳ ಮೈಗೆ ಚೂರೂ ಕಬ್ಬಿಣ ಹತ್ತಿರಲಿಲ್ಲ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮುಟ್ಟಿನ ದಿನಗಳಲ್ಲಿ ರಕ್ತ ಹೆಚ್ಚು ಹೋಗದಂತೆ ಬೇರೆ ಮದ್ದು ಕೊಟ್ಟರು. ಬಿಪಿಯನ್ನು ಆಗಾಗ ತೋರಿಸಲು ಹೇಳಿದರು. ಅತ್ತೆ ಈ ಸಲ ಪುಡಿಯ ತಂಟೆಗೆ ಹೋಗದೆ, ಸೊಸೆ ಮೊಟ್ಟೆ, ಕಾಳು, ಸೊಪ್ಪು ತಿನ್ನುವವರೆಗೂ ಎದುರಿಗೇ ಕಾವಲು ಕೂತಳು.

ಬೋಲ್ಟಿನ ಮೂಲೆಯಲ್ಲಿ ಅವಳು ಕೂತಿರುವುದನ್ನು ನೋಡುವುದು ನನಗೆ ಸಂಕಟವಾಗಿತ್ತು. ಕ್ರೇನಿಗೆ ಬೇರೆ ಶೆಡ್ಡಿನಿಂದ ಒಬ್ಬನನ್ನು ಕರೆಸಿದ್ದರು. ಅವನು ಇಳಿಸಿದರೆ ನೆಲ ಅದುರುತ್ತಿತ್ತು. ಪ್ರತಿ ಸದ್ದಿಗೂ ಅವಳ ಹೆಗಲು ಕುಗ್ಗುತ್ತಿತ್ತು. ತಿಂಗಳುಗಳು ಕಳೆದವು. ತುಟಿಗೆ ಬಣ್ಣ ಬಂತು, ಮೊಡವೆ ಒಣಗಿದವು. ಮುಟ್ಟು ಬಂದು ಹೋಯಿತು, ಮತ್ತೆ ಬಂದು ಹೋಯಿತು, ಅವಳು ಕುಸಿಯಲಿಲ್ಲ. ಡಾಕ್ಟರು ಹತ್ತಬಹುದು ಎಂದ ಮರುದಿನ ಮೇಸ್ತ್ರಿಯ ಎದುರು ಹೋಗಿ ನಿಂತಳು.

‘ಮತ್ತೆ ತಲೆ ತಿರುಗಿದ್ರೆ ಯಾರಮ್ಮ ಹೊಣೆ?’ ಎಂದ ಮೇಸ್ತ್ರಿ.

‘ತಿರುಗೋ ಮುಂಚೆ ನಾನೇ ಇಳೀತೀನಿ. ನೀರು ಕುಡೀಬೇಕು, ಬಚ್ಚಲಿಗೆ ಹೋಗ್ಬೇಕು. ಊಟದ ಸೈರನ್ನಿಗೆ ಕಾಯಲ್ಲ.’

‘ಕ್ರೇನ್ ನಿಂತ್ರೆ ಶೆಡ್ಡು ನಿಲ್ಲುತ್ತೆ, ಗೊತ್ತಲ್ಲ?’

‘ಬಿದ್ರೂ ನಿಲ್ಲುತ್ತೆ ಸಾರ್.’

ಮೇಸ್ತ್ರಿ ಮೇಲಿದ್ದವನ ಕಡೆ ನೋಡಿದ. ಆಗಲೇ ಒಂದು ಕಟ್ಟು ಧಡಾರೆಂದು ನೆಲಕ್ಕೆ ಬಿತ್ತು. ‘ಹತ್ತು. ನೋಡೋಣ’ ಎಂದ.

ಬಾಯಲ್ಲಿ ಹೇಳುವುದು ಸುಲಭ. ಮೇಲೆ ಹೋದ ಮೇಲೆ ಅವಳೇ ಬಾಯಿ ಮುಚ್ಚಿಕೊಂಡರೆ? ಹಳೆಯ ಚಾಳಿ, ಹಳೆಯ ಹಟ. ಅವಳು ಏಣಿ ಹತ್ತಿದ ಆ ಮೊದಲ ಬೆಳಿಗ್ಗೆ ನಾನು ಕೆಳಗೆ ಅವಳ ಬೂಟಿನ ಸದ್ದು ಎಣಿಸುತ್ತ ನಿಂತೆ. ಎರಡು ಲಾರಿ ತುಂಬಿದವು. ಮೂರನೆಯದು ಹಾರ್ನ್ ಹೊಡೆಯುತ್ತ ನಿಂತಿತ್ತು. ಮೇಸ್ತ್ರಿ ಪಕ್ಕದಲ್ಲೇ ಇದ್ದ. ಕೊಕ್ಕೆ ಸಿಕ್ಕಿಸಿ ಬೆರಳು ಸುತ್ತಿದೆ. ಸರಪಳಿ ಅಲ್ಲಾಡಲಿಲ್ಲ. ಇನ್ನೊಮ್ಮೆ ಸುತ್ತಿದೆ. ಇಲ್ಲ.

ತಲೆಯೆತ್ತಲು ಧೈರ್ಯ ಸಾಲಲಿಲ್ಲ. ಎತ್ತಿದೆ.

ಕ್ಯಾಬಿನ್ನಿನ ಬಾಗಿಲು ತೆರೆದು ಅವಳು ನೆಟ್ಟಗೆ ನಿಂತಿದ್ದಳು. ಇಡೀ ಶೆಡ್ಡಿಗೆ ಕಾಣುವಂತೆ ಎರಡೂ ತೋಳು ಚಾಚಿದ್ದಳು. ನಿಲ್ಲಿಸು.

ಮೇಸ್ತ್ರಿ ಸೀಟಿ ಬಾಯಿಗಿಟ್ಟ. ನಾನು ಅವನ ಎದುರು ತಿರುಗಿ ನನ್ನ ತೋಳನ್ನೂ ಚಾಚಿದೆ. ಲೋಡರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದು ಸೀಟಿನ ಮೇಲೆ ವಸ್ತ್ರ ಹಾಸಿದ್ದವನು ಪೈಪಿನ ಮೇಲೆ ಆರಾಮಾಗಿ ಕೂತು, ‘ಮೇಲಿನವಳ ಅಪ್ಪಣೆ ಸಾರ್’ ಎಂದ. ಮೇಸ್ತ್ರಿ ಸೀಟಿ ಊದಲಿಲ್ಲ. ಏಣಿಯ ಮೇಲೆ ಅವಳ ಬೂಟಿನ ಸದ್ದು ಎಲ್ಲೂ ತಡೆಯದೆ ಕೆಳಗಿಳಿದು ಬಂತು.

ನನ್ನ ಹತ್ತಿರ ಬಂದು ಹೆಗಲಿನ ಫ್ಲಾಸ್ಕ್ ತೆಗೆದು ಕೈಗೆ ತುರುಕಿದಳು. ‘ತಗೋ ಅಕ್ಕಾ, ಬೆಳಿಗ್ಗೆ ನಿನಗೇ ಅಂತ ಮಾಡ್ಕೊಂಡು ಬಂದೆ. ನನಗೆ ನೀರು ಸಾಕು’ ಎಂದು ನಲ್ಲಿಯ ಕಡೆ ನಡೆದಳು. ಅಷ್ಟು ತಿಂಗಳಾದ ಮೇಲೆ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಟೀಗೆ ಸಕ್ಕರೆ ವಿಪರೀತ ಹಾಕಿದ್ದಳು. ಬೈದುಕೊಳ್ಳುತ್ತ, ಕಣ್ಣೊರೆಸಿಕೊಳ್ಳುತ್ತ, ಅಲ್ಲೇ ಕೊಕ್ಕೆಯ ಕೆಳಗೆ ನಿಂತು ಪೂರ್ತಿ ಕುಡಿದೆ.